ಕೀಟವಿಶೇಷ

ಸಂಸ್ಕೃತ ಕಾವ್ಯಗಳನ್ನು ವ್ಯಾಖ್ಯಾನದೊಡನೆ ಓದಿದವರೆಲ್ಲರಿಗೂ 'ವಿಶೇಷ' ಎಂಬ ಪದದ ಪರಿಚಯವಿದ್ದೇ ಇರುವುದು. ಮೂಲದಲ್ಲಿ ಒಂದು ಮರದ ಹೆಸರು ಬಂದರೆ ವ್ಯಾಖ್ಯಾನಕಾರನು 'ವೃಕ್ಷವಿಶೇಷ'ವೆಂದು ಬರೆದು ಮುಂದಕ್ಕೆ ಸಾಗುವನು. ಹಕ್ಕಿ ಬಂದರೆ 'ಪಕ್ಷಿವಿಶೇಷ', ಹುಳು ಬಂದರೆ 'ಕೀಟವಿಶೇಷ'. ಅವನ ಕಾಲದ ಓದುಗನಿಗೆ ಅವೆಲ್ಲವೂ ಕಣ್ಣೆದುರಿನ ವಸ್ತುಗಳಾಗಿದ್ದಿರಬಹುದು. ಆದಕಾರಣ ಅವನನ್ನು ದೂರುವುದು ಸಲ್ಲದು. ಆದರೆ ಆ ಒಂದು ಪದದ ನೆರಳಿನಲ್ಲಿ ಹಲವು ವರ್ಷಗಳ ಕಾಲ ಸುಖವಾಗಿ ಪಾಠ ಹೇಳಿದ ಪಂಡಿತರೂ ಇದ್ದಾರೆ.

ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿರುವ ವೃದ್ಧರೊಬ್ಬರು ಇಂಥವರು. ಪಾಠಶಾಲೆಯಲ್ಲಿ ಕಾವ್ಯಾಲಂಕಾರಗಳನ್ನು ಓದಿ, ಶಾಲೆಯಲ್ಲಿ 32 ವರ್ಷ ಕನ್ನಡ ಸಂಸ್ಕೃತಗಳನ್ನು ಬೋಧಿಸಿ, ಸಂಜೆಯ ಹೊತ್ತು ಪರೀಕ್ಷೆಗೆ ಕಟ್ಟುವವರಿಗೆ ಮನೆಯಲ್ಲಿಯೇ ನಾಟಕಗಳನ್ನು ಹೇಳಿಕೊಟ್ಟು ನಿವೃತ್ತರಾದವರು. ಅಮರಕೋಶದ ವನೌಷಧಿವರ್ಗವು ಅವರಿಗೆ ಕಂಠಪಾಠ. ಹಿತ್ತಿಲ ಬೇಲಿಯಲ್ಲಿ ಬೆಳೆದ ಗಿಡಗಳ ಹೆಸರನ್ನು ಮಾತ್ರ ಮನೆಯಾಕೆಯನ್ನು ಕೇಳಿ ತಿಳಿಯಬೇಕಾಗಿತ್ತು.

ಹಿಂದಿನ ವರ್ಷದ ಮುಂಗಾರಿನಲ್ಲಿ ಅವರು ಮಕ್ಕಳನ್ನು ಕಟ್ಟಿಕೊಂಡು ಹೊರಟದ್ದು ಯಾವ ಘನವಾದ ಸಂಕಲ್ಪದಿಂದಲೂ ಅಲ್ಲ. ಭಾನುವಾರ ಬಂತೆಂದರೆ ನೆರೆಹೊರೆಯ ಹತ್ತು ಹನ್ನೊಂದು ಮಕ್ಕಳು ಅವರ ಜಗಲಿಯಲ್ಲಿ ಸೇರಿ, ಒಂದೇ ಒಂದು ಮೊಬೈಲಿಗಾಗಿ ಕದನವಾಡುವುದು ವಾಡಿಕೆ. "ನೀವು ಮೇಷ್ಟ್ರಾಗಿದ್ದವರಲ್ಲವೆ? ಇವುಗಳನ್ನು ಕೆರೆಯ ಏರಿಯ ಕಡೆಗಾದರೂ ಅಟ್ಟಿಕೊಂಡು ಹೋಗಬಾರದೆ?" ಎಂದು ಮನೆಯಾಕೆಯು ಗದರಿದಳು. ಜೂನ್ ತಿಂಗಳ ಮೊದಲ ವಾರ ಕಳೆದು ಮೃಗಶಿರಾ ಮಳೆ ಹಿಡಿದಿತ್ತು. ಮೇಷ್ಟ್ರು ಕೊಡೆಯನ್ನು ತೆಗೆದುಕೊಂಡು ಎದ್ದರು.

ಏರಿಯ ಕೆಳಗಿನ ಕೆಮ್ಮಣ್ಣಿನ ಬಯಲಿನಲ್ಲಿ ಗರಿಕೆಯು ಆಗತಾನೆ ಚಿಗುರಿತ್ತು. ಮಕ್ಕಳ ಗುಂಪಿನಲ್ಲಿ ಕುರಿ ಮೇಯಿಸುವವನೊಬ್ಬನ ಮಗನಿದ್ದನು. ಹನ್ನೊಂದು ವರ್ಷದವನು, ಶಾಲೆಯಲ್ಲಿ ದಡ್ಡನೆಂದು ಹೆಸರಾದವನು. ಅವನು ಬಗ್ಗಿ ಏನನ್ನೋ ಎತ್ತಿ, ಅಂಗೈಯಲ್ಲಿಟ್ಟುಕೊಂಡು ಬಂದು ತೋರಿಸಿದನು. ಕಡಲೆಕಾಳಿನಷ್ಟು ಗಾತ್ರ, ಮೈಯೆಲ್ಲಾ ಮಖಮಲ್ಲನ್ನು ಹೊದಿಸಿದಂತಿದ್ದು, ಕುಂಕುಮವೂ ನಾಚುವಂತಹ ಕೆಂಪು.

"ಇದಕ್ಕೇನಂತಾರೆ ತಾತ?"

ಯಾವುದೋ ಹುಳು ಕಣೋ ಎಂದು ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. 'ವಿಕ್ರಮೋರ್ವಶೀಯ'ದ ನಾಲ್ಕನೆಯ ಅಂಕವು ಮೇಷ್ಟ್ರ ನೆನಪಿಗೆ ಬಂದಿತು. ಊರ್ವಶಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುವ ಪುರೂರವನು ಗಿಳಿಹಸುರಿನ ನೆಲದ ಮೇಲೆ ಕೆಂಪು ಚುಕ್ಕೆಗಳನ್ನು ಕಂಡು, ಅದು ತುಟಿಯ ರಂಗು ಬೆರೆತ ಕಣ್ಣೀರು ಬಿದ್ದಿರುವ ಆಕೆಯ ಎದೆವಸ್ತ್ರವೆಂದು ಭ್ರಮಿಸುವನು. ಬಳಿಸಾರಿ ನೋಡಿದರೆ ಇಂದ್ರಗೋಪಗಳಿಂದ ಕೂಡಿದ ಎಳೆಹುಲ್ಲು! ಆ ಪದ್ಯವನ್ನು ಮೇಷ್ಟ್ರು ಎಷ್ಟು ಸಲ ಹೇಳಿಕೊಟ್ಟಿದ್ದರೋ! ಪ್ರತಿಸಲವೂ ಅರ್ಥ ಒಂದೇ: ಇಂದ್ರಗೋಪವೆಂದರೆ ಕೀಟವಿಶೇಷ. ಅದು ತಮ್ಮ ಮನೆಯಿಂದ ಎರಡು ಫರ್ಲಾಂಗಿನ ದೂರದಲ್ಲಿ ವರ್ಷವರ್ಷವೂ ಹುಟ್ಟಿ ಓಡಾಡುತ್ತಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ.

"ಎಂಟ್ ಕಾಲವೆ, ನೋಡಿ," ಎಂದನು ಹುಡುಗ.

ಕೀಟಕ್ಕೆ ಆರೇ ಕಾಲೆಂದು ವಿಜ್ಞಾನದ ಪಾಠವನ್ನು ಓದಿದ್ದ ಹುಡುಗಿಯೊಬ್ಬಳು ತಗಾದೆ ತೆಗೆದಳು. ಎಣಿಸಿದರು, ಎಂಟೇ. ಹಾಗಾದರೆ ಇದು ಜೇಡ, ಚೇಳು, ಉಣುಗುಗಳ ಬಳಗಕ್ಕೆ ಸೇರಿದ್ದು. ಕೀಟವಿಶೇಷದಲ್ಲಿ ಕೀಟವು ಹೋಗಿ ವಿಶೇಷ ಮಾತ್ರವೇ ಉಳಿಯಿತು! ಸಂಸ್ಕೃತದ 'ಕೀಟ' ಶಬ್ದಕ್ಕೆ ಅಷ್ಟು ಬಿಗಿಯಾದ ಅರ್ಥವಿಲ್ಲವೆಂದು ಮೇಷ್ಟ್ರು ವಾದಿಸಬಹುದಾಗಿತ್ತು. ಅವರು ವಾದಿಸಲಿಲ್ಲ. ಕನ್ನಡಕವನ್ನು ಒರೆಸಿಕೊಂಡು ತಾವೂ ಇನ್ನೊಮ್ಮೆ ಎಣಿಸಿದರು.

ಅಂದಿನಿಂದ ಹಸ್ತಾ ಮಳೆಯವರೆಗೆ ಒಂದು ಭಾನುವಾರವೂ ತಪ್ಪಲಿಲ್ಲ. ಇದ್ದ ನಿಯಮಗಳು ಕೆಲವೇ. ಮೊದಲು ನೋಡತಕ್ಕದ್ದು, ಹೆಸರು ಅನಂತರ. ಎತ್ತಿದ್ದನ್ನು ಎತ್ತಿದಲ್ಲಿಯೇ ಬಿಡತಕ್ಕದ್ದು. ಕಂಡದ್ದನ್ನು ತಾರೀಖು, ಮಳೆಯ ನಕ್ಷತ್ರಗಳೊಡನೆ ಪುಸ್ತಕದಲ್ಲಿ ಬರೆಯತಕ್ಕದ್ದು. ಬರೆಯಲು ಬೇಸರಪಡುತ್ತಿದ್ದ ಕುರಿಗಾಹಿಯ ಮಗನಿಗೆ ಚಿತ್ರ ಬರೆಯಲು ಅಪ್ಪಣೆಯಾಯಿತು. ಮನೆಯಾಕೆಯು ಹುರಿದ ಕಡಲೆಕಾಯಿಯನ್ನು ಕಟ್ಟಿಕೊಡುತ್ತಿದ್ದಳು. ಹಾಜರಿ ಕಡಮೆಯಾಗದಿದ್ದುದಕ್ಕೆ ಇದೂ ಒಂದು ಕಾರಣವೆಂದು ಹೇಳದಿದ್ದರೆ ಅನ್ಯಾಯವಾದೀತು.

ಆರಿದ್ರಾ ಮಳೆಯಲ್ಲಿ ಒಂದು ಅನಾಹುತವಾಯಿತು. ಅಂಗಡಿಯವರ ಹುಡುಗನು ಜೇಬಿನಲ್ಲಿ ರಬ್ಬರಿನ ಕವಣೆಯನ್ನು ತಂದಿದ್ದನು. ತಂಗಡಿಯ ಪೊದೆಗಳ ನಡುವೆ ಏಳೆಂಟು ಹರಟೆಮಲ್ಲ ಹಕ್ಕಿಗಳು ಗದ್ದಲ ಮಾಡುತ್ತಿದ್ದವು. ಕಲ್ಲು ಒಂದಕ್ಕೆ ತಗುಲಿ ಅದು ಸತ್ತು ಬಿದ್ದಿತು. ಮಕ್ಕಳೆಲ್ಲರೂ ಮೇಷ್ಟ್ರ ಮುಖವನ್ನು ನೋಡಿದರು. ಹಿಂದಿನ ಕಾಲವಾಗಿದ್ದರೆ ಬೆತ್ತವೇ ಮಾತನಾಡುತ್ತಿತ್ತು. ಅವರು ಹಕ್ಕಿಯನ್ನು ಅಂಗೈಗೆ ತೆಗೆದುಕೊಂಡು, ರೆಕ್ಕೆಯನ್ನು ಬಿಡಿಸಿ, ಗರಿ ಗರಿಯನ್ನೂ ಆ ಹುಡುಗನಿಂದಲೇ ಎಣಿಸಿದರು. ಗುಳಿ ತೋಡಿಸಿ ಮಣ್ಣು ಮಾಡಿಸಿದರು. ಹಿಂದಿರುಗುವಾಗ, ಮುಂಬಯಿಯಲ್ಲಿದ್ದ ಒಬ್ಬ ತಬ್ಬಲಿ ಹುಡುಗನ ಕಥೆಯನ್ನು ಹೇಳಿದರು. 1896ರಲ್ಲಿ ಹುಟ್ಟಿದ ಸಾಲಿಂ ಅಲಿ ಎಂಬ ಆ ಹುಡುಗನು 1908ರ ಸುಮಾರಿನಲ್ಲಿ ತನ್ನ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದುರುಳಿಸಿದಾಗ, ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿದ್ದುದನ್ನು ಕಂಡು, ಇದಾವ ಗುಬ್ಬಿಯೆಂದು ಕೇಳಲು ಅಲ್ಲಿಯ ಪ್ರಕೃತಿಚರಿತ್ರೆಯ ಸಂಘಕ್ಕೆ ಅಳುಕುತ್ತಲೇ ಹೋದನು. ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ್ ಎಂಬ ದೊರೆಯು ಹುಡುಗನನ್ನು ಗದರದೆ, ಬೀರುಗಳನ್ನು ತೆರೆದು, ಸಾಲುಸಾಲಾಗಿ ಇರಿಸಿದ್ದ ಹಕ್ಕಿಗಳನ್ನು ತೋರಿಸಿದನು. ಹಿಂದೂದೇಶದ ಹಕ್ಕಿಗಳನ್ನು ಕುರಿತು 1941ರಲ್ಲಿ ಪ್ರಸಿದ್ಧ ಗ್ರಂಥವನ್ನು ಬರೆದವನು ಆ ಹುಡುಗನೇ. "ಆ ದೊರೆ ಅವತ್ತು ಬೈದು ಕಳಿಸಿದ್ದರೆ?" ಎಂದು ಕವಣೆಯ ಹುಡುಗ ಕೇಳಿದನು. ಮೇಷ್ಟ್ರು ಉತ್ತರ ಕೊಡದೆ ಸ್ವಲ್ಪ ದೂರ ನಡೆದರು.

ಆ ಪೊದೆಯ ಕಾವಲನ್ನು ಕವಣೆಯ ಹುಡುಗನು ತಾನಾಗಿಯೇ ವಹಿಸಿಕೊಂಡನು. ಕೆಲವು ವಾರಗಳ ಮೇಲೆ ಅವನೇ ಓಡಿ ಬಂದು ಸುದ್ದಿ ತಂದನು: ಹರಟೆಮಲ್ಲಗಳು ತಮ್ಮ ಜಾತಿಯದಲ್ಲದ, ತಲೆಯ ಮೇಲೆ ಜುಟ್ಟಿರುವ ಒಂದು ಮರಿಗೆ ಗುಟುಕು ಕೊಡುತ್ತಿವೆ! ಅದು ಚಾತಕದ ಮರಿ. ಹರಟೆಮಲ್ಲದ ಗೂಡಿನಲ್ಲಿ ಅದೇ ನೀಲಿಬಣ್ಣದ ಮೊಟ್ಟೆಯನ್ನಿಟ್ಟು ಹೋಗುವುದು ಚಾತಕದ ಪದ್ಧತಿ. ಗುಂಪಿನ ಹಕ್ಕಿಗಳೆಲ್ಲವೂ ಸೇರಿ ಮರಿಯನ್ನು ಸಾಕುವುದು ಹರಟೆಮಲ್ಲದ ಪದ್ಧತಿ. ಒಂದು ಸತ್ತಿದ್ದರೂ ಉಳಿದವು ಸಾಕುತ್ತಿದ್ದವು. ಮಳೆಯ ಹನಿಯನ್ನಲ್ಲದೆ ಬೇರೇನನ್ನೂ ಮುಟ್ಟದ ಮಾನಧನನೆಂದು ಕವಿಗಳು ಕೊಂಡಾಡಿದ ಚಾತಕವು, ಅಲ್ಲಿಯೇ ಹುಣಸೆಯ ಕೊಂಬೆಯಲ್ಲಿ ಕುಳಿತು ಕಂಬಳಿಹುಳುವೊಂದನ್ನು ಬಡಿದು ನುಂಗುತ್ತಿತ್ತು. ಮೇಷ್ಟ್ರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಮಕ್ಕಳು ಹಿಂದೆ ಕಂಡಿರಲಿಲ್ಲ.

ಗೀಜಗದ ವಿಷಯದಲ್ಲಿಯೂ ಹೀಗೆಯೇ ಆಯಿತು. ಗೂಡಿನೊಳಗೆ ಮಣ್ಣಿನ ಮುದ್ದೆಯನ್ನು ಮೆತ್ತಿ, ಅದಕ್ಕೆ ಮಿಣುಕುಹುಳುವನ್ನು ಅಂಟಿಸಿ, ದೀಪ ಹಚ್ಚಿಕೊಳ್ಳುವುದೆಂಬ ಕಥೆಯನ್ನು ಮೇಷ್ಟ್ರು ಎಷ್ಟೋ ತರಗತಿಗಳಲ್ಲಿ ಹೇಳಿದ್ದರು. ತೋಟದ ಬಾವಿಯ ಮೇಲೆ ಬಾಗಿದ ಈಚಲುಮರದಿಂದ ಗಾಳಿಗೆ ಬಿದ್ದ ಗೂಡುಗಳನ್ನು ಬಿಡಿಸಿದರೆ, ಮಣ್ಣೇನೋ ಇತ್ತು, ಮಿಣುಕುಹುಳುವಿನ ಸುಳಿವಿರಲಿಲ್ಲ. ಗಂಡು ಅರೆಗೂಡನ್ನು ಕಟ್ಟಿ ನಿಲ್ಲಿಸುವುದು, ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಬಾಗಿಲ ಕೊಳವೆಯನ್ನು ಮುಗಿಸುವುದು, ಒಪ್ಪದಿದ್ದರೆ ಅದು ಹಾಗೆಯೇ ನೇತಾಡುವುದು - ಇದನ್ನೆಲ್ಲಾ ಕುರಿಗಾಹಿಯ ಮಗನು ಗೂಡುಗಳನ್ನು ಒಂದೊಂದಾಗಿ ತೋರಿಸಿ ಹೇಳಿದನು. ಸಾಲಿಂ ಅಲಿಯು 1930ರಲ್ಲಿ ಕೊಂಕಣದ ಕಿಹೀಮಿನಲ್ಲಿ ಮರದೆದುರು ಅಟ್ಟವೇರಿ ಕುಳಿತು ಕಂಡುಕೊಂಡದ್ದೂ ಇದನ್ನೇ. "ನಿನಗೆ ಇದನ್ನೆಲ್ಲಾ ಯಾರು ಹೇಳಿಕೊಟ್ಟರೋ ಮಗು?" ಎಂದರೆ, "ನಮ್ಮಪ್ಪ" ಎಂದನು.

ಎಕ್ಕದ ಗಿಡದ ಪಟ್ಟೆಹುಳುಗಳು ಚಿಟ್ಟೆಯಾದುದು, ಪುಬ್ಬೆಯಲ್ಲಿ ಬೇಲಿಯ ಗೌರಿಹೂ ಹಸುರಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ತಿರುಗಿದುದು, ಇವೆಲ್ಲಾ ಮಕ್ಕಳ ಪುಸ್ತಕಗಳಲ್ಲಿವೆ.

ಹಸ್ತಾ ಮಳೆಯ ಕೊನೆಯ ಭಾನುವಾರ ಕುರಿಗಾಹಿಯೇ ಮಗನನ್ನು ಕರೆದೊಯ್ಯಲು ಜಗಲಿಗೆ ಬಂದನು. ಮೇಷ್ಟ್ರು ಅವನನ್ನು ಗುರುತಿಸಲಿಲ್ಲ. ಅವನು ನಗುತ್ತ, "ನಾನೂ ನಿಮ್ಮತ್ರ ಓದ್ದೋನೇ ಸ್ವಾಮಿ, ಎಂಟ್ನೇ ಕ್ಲಾಸ್‌ನಾಗೆ," ಎಂದನು. ಕುಳಿತುಕೊಳ್ಳಪ್ಪಾ ಎಂದು ಬಲವಂತ ಮಾಡಿದ ಮೇಲೆ ಮೆಟ್ಟಿಲ ಮೇಲೆ ಕುಳಿತನು. ಮಗನ ಪುಸ್ತಕದ ಮೊದಲ ಪುಟದಲ್ಲಿದ್ದ ಕೆಂಪು ಚಿತ್ರವನ್ನು ನೋಡಿ, ಯಾವ ಕಹಿಯೂ ಇಲ್ಲದ ಧ್ವನಿಯಲ್ಲಿ ಹೇಳಿದನು:

"ಇದ್ನ ನಾನೂ ಒಂದ್ಸಲ ಬೆಂಕಿಪೊಟ್ಣದಾಗೆ ಹಾಕ್ಕಂಡ್ ಕ್ಲಾಸಿಗೆ ತಂದಿದ್ದೆ. ಹುಡುಗ್ರೆಲ್ಲ ಮುತ್ಕಂಡ್ರು. ನೀವು ಎರಡೇಟು ಕೊಟ್ಟು, ಪೊಟ್ಣ ಕಿತ್ಕಂಡು ಕಿಟಕಿಯಾಚೆ ಎಸೆದ್ರಿ. ತೆಗೆದು ನೋಡ್ಲಿಲ್ಲ."

ಮೇಷ್ಟ್ರಿಗೆ ಅದು ನೆನಪಿರಲಿಲ್ಲ. ಅಂತಹ ಪೊಟ್ಟಣಗಳು ಎಷ್ಟೋ ಹೋಗಿದ್ದವು.

"ಅದಕ್ಕೇ ಶಾಲೆ ಬಿಟ್ಟೆಯೇನಪ್ಪಾ?"

"ಅಯ್ಯೋ, ಇಲ್ಲ ಸ್ವಾಮಿ. ಆ ವರ್ಷ ಮಳೆ ಆಗ್ಲಿಲ್ಲ. ಕುರಿ ಹೊಡ್ಕಂಡು ದೂರ ಹೋಗ್ಬೇಕಾಯ್ತು."

ಅದು ನಿಜವೋ, ಗುರುವಿನ ಮನಸ್ಸನ್ನು ನೋಯಿಸಬಾರದೆಂದು ಆಡಿದ ಮಾತೋ ತಿಳಿಯುವಂತಿರಲಿಲ್ಲ. ಒಳಗಿನಿಂದ ಮನೆಯಾಕೆಯು ಎರಡು ಲೋಟ ಕಾಫಿಯನ್ನು ತಂದಿಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಮುಟ್ಟಲಿಲ್ಲ.

"ಆ ಪೊಟ್ಟಣದಲ್ಲಿ ಎಷ್ಟಿದ್ದವು?" ಎಂದು ಮೇಷ್ಟ್ರು ಕೇಳಿದರು.

"ಮೂರು."