ಗುಳಿಗೆ ಮತ್ತು ಮಾತು

ಕೇಶ್ವಾಪುರದ ನಮ್ಮ ಓಣ್ಯಾಗ ಖಿನ್ನತೆ ಅನ್ನೋ ಶಬ್ದವಿಲ್ಲ. 'ಗಾಳಿ ಬಡದೈತಿ' ಅಂತಾರ, ಇಲ್ಲಾ 'ಮೈಗಳ್ಳ' ಅಂತಾರ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಂತಾಗ ನನಗೆ ಎರಡೂ ಅಂದರು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಗುಳಿಗೆ ಕೊಟ್ಟರು. ಅದು ಹತ್ತಲು 2ರಿಂದ 4 ವಾರ ಬೇಕು. ನಿದ್ದೆ ಬಂತು, ರೊಟ್ಟಿ ರುಚಿಸಿತು. ಆದರೆ ಶಾಲೆಯಲ್ಲಿ ನನ್ನನ್ನು ಬೇರೆ ಕೂಡಿಸಿದ ಅವಮಾನ ಗುಳಿಗೆಗೆ ಕರಗಲಿಲ್ಲ. ಆಪ್ತಸಮಾಲೋಚಕಿಯ ಮುಂದೆ ವಾರವಾರ ಮಾತಾಗಿ ಹೊರಬಿತ್ತು. ತೀವ್ರ ಖಿನ್ನತೆಗೆ ಒಂದೊಂದಕ್ಕಿಂತ ಎರಡೂ ಕೂಡಿದರೆ ಹೆಚ್ಚು ಗುಣ ಅಂತ ವೈದ್ಯಶಾಸ್ತ್ರವೂ ಹೇಳತೈತಿ.

1985ರಲ್ಲೇ ಬಳ್ಳಾರಿ ಜಿಲ್ಲೆಯ ಹಳ್ಳಿ ದವಾಖಾನೆಗಳಿಗೆ ಮನೋರೋಗದ ಗುಳಿಗೆ ಮುಟ್ಟಿತ್ತು. ಮಾತು ಮಾತ್ರ ಇನ್ನೂ ಹೆಚ್ಚಾಗಿ ದೊಡ್ಡ ಊರಲ್ಲೇ ಕುಂತೈತಿ. 2022ರಿಂದ ಟೆಲಿ ಮಾನಸ್‌ನ 14416ಕ್ಕೆ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು, ಅಷ್ಟಕ್ಕೇ ಸಾಲದು. ಗೆಳೆಯರೇ, ಗುಳಿಗೆಯ ಜೋಡಿ ಕೇಳುವ ಕಿವಿಯನ್ನೂ ತಾಲೂಕು ದವಾಖಾನೆಯಲ್ಲಿ ಹಕ್ಕಿನಿಂದ ಕೇಳೋಣ.