ಬಾಯಿ

ಇಂಗ್ಲಿಷ ಬಲ್ಲವನು ‘ಪಾಯ್’ ಎಂದು ಓದಿ ಕಡುಬನ್ನು ನೆನೆಯುವ ಮೂರೇ ಅಕ್ಷರಗಳನ್ನು ಸ್ಪೇನ ದೇಶದವನು ‘ಪಿಯೆ’ ಎಂದು ಓದಿ ತನ್ನ ಪಾದವನ್ನು ನೋಡಿಕೊಳ್ಳುವನು. ಇಂಥ ವಿನೋದವನ್ನು ಕಾಣುವ ಸಲುವಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಜನರು ಸಮುದ್ರವನ್ನು ದಾಟಬೇಕಾಗಿಲ್ಲ. ಸವಣೂರಿನ ಪೇಟೆಯಲ್ಲಿ ವೀಳ್ಯದೆಲೆ ಮಾರುವವನ ಮುಂದೆ ನಿಂತರಾಯಿತು. ಆತನು “ಬಾಯಿ” ಎಂದು ಕೂಗಿದರೆ ಒಬ್ಬ ಮುಸಲ್ಮಾನ ಗೃಹಸ್ಥನು ತನ್ನನ್ನು ಅಣ್ಣನೆಂದು ಕರೆದರೆಂದು ತಿರುಗುವನು. ಏಕೆಂದರೆ ಮಹಾಪ್ರಾಣವು ಈ ಸೀಮೆಯ ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುವದಿಲ್ಲ. ಮರಾಠಿ ಮನೆಮಾತಿನ ಮುತ್ತೈದೆಯು ತನ್ನನ್ನೇ ಎಂದು ತಿರುಗುವಳು. ಅಪ್ಪಟ ಕನ್ನಡಿಗನು ಮಾತ್ರ ಎಲೆಯಿಂದ ಕೆಂಪೇರಿದ ತುಟಿಯನ್ನು ಒರೆಸಿಕೊಳ್ಳುವನು.

ಕನ್ನಡದ ಬಾಯಿ ಬಲು ಹಳೆಯದು. ತಮಿಳಿನಲ್ಲಿ ಅದು ‘ವಾಯ್’. ಮನೆಯ ಬಾಗಿಲೂ ಅದರ ನಂಟನೆಂಬದು ತಮಿಳರ ‘ವಾಯಿಲ್’ ಎಂಬದನ್ನು ಕೇಳಿದರೆ ತಿಳಿಯುವದು. ಕೊಡಕ್ಕೆ ಬಾಯಿ ಉಂಟು, ಚೀಲಕ್ಕೆ ಉಂಟು, ಗಾಯಕ್ಕೂ ಉಂಟು. ಬಾಯಿಲೆಕ್ಕ, ಬಾಯಿಪಾಠಗಳಿಲ್ಲದೆ ಹಳೆಯ ಸಾಲಿಮಠವು ನಡೆಯುತ್ತಿರಲಿಲ್ಲ. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರ (೧೮೧೯–೧೮೮೯) ಪದಗಳು ಅಚ್ಚಿನ ಮೊಳೆಯನ್ನು ಕಾಣುವ ಮೊದಲು ಬಾಯಿಂದ ಬಾಯಿಗೆ ನಡೆದೇ ಬದುಕಿದವು. ಹಿರೇಕೆರೂರಿನ ಸೀಮೆಯವರು ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನ ತ್ರಿಪದಿಗಳ ಕಥೆಯೂ ಅದೇ.

ಮರಾಠಿಯ ಬಾಯಿ ಬೇರೆ ದಾರಿಯಿಂದ ಬಂದಿತು. ಈ ಭಾಗವು ಪೇಶವೆಯರ ಆಳಿಕೆಯನ್ನು ಕಂಡದ್ದು. ಬಳಿಕ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರುಗಳು ೧೯೫೬ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ನವಾಬರ ಸವಣೂರು ಕೂಡ ೧೯೪೮ರಲ್ಲಿ ಅದನ್ನೇ ಸೇರಿತು. ಕಾಗದಪತ್ರಗಳ ಜೊತೆಗೆ ಹೆಸರುಗಳೂ ಬಂದವು. ಜಿಜಾಬಾಯಿ, ಅಹಲ್ಯಾಬಾಯಿ ಎಂಬಲ್ಲಿ ಬಾಯಿ ಎಂಬದು ಕಿರೀಟ. ಮರಾಠಿ ಶಾಲೆಯಲ್ಲಿ ಅದು ಪಾಠ ಹೇಳುವ ಗುರುಮಾತೆ. ನಮ್ಮ ಕಡೆಯ ಮಕ್ಕಳು ಆಕೆಯನ್ನು ಅಕ್ಕೋರೆನ್ನುವರು. ಮುಂಬಯಿಯ ಮನೆಗಳಲ್ಲಿ ಪಾತ್ರೆ ತಿಕ್ಕುವವಳೂ ಬಾಯಿಯೇ. ಮೆಹಫಿಲಿನಲ್ಲಿ ಹಾಡುವವಳೂ ಬಾಯಿ. ಅಲ್ಲಿ ಮರ್ಯಾದೆಯೊಡನೆ ಅಷ್ಟಿಷ್ಟು ತಾತ್ಸಾರವೂ ಬೆರೆತಿತ್ತು.

ಇವೆರಡು ಬಾಯಿಗಳು ಒಂದೇ ಮನೆಯಲ್ಲಿ ಕೂಡಿದಾಗ ನಡೆದದ್ದು ನಗುವ ಮಾತಲ್ಲ. ಮದುವೆಯ ದಿನ ಹುಡುಗಿಯ ಹುಟ್ಟುಹೆಸರನ್ನು ತೆಗೆದು ರಾಧಾಬಾಯಿ, ಕಾಶೀಬಾಯಿ ಎಂದು ಕರೆಯುವದು ಅನೇಕ ಮನೆತನಗಳ ಪದ್ಧತಿಯಾಗಿತ್ತು. ಮರುದಿನದಿಂದಲೇ “ಬಾಯಿ ಮಾಡಬ್ಯಾಡ” ಎಂಬ ಉಪದೇಶವು ಆರಂಭವಾಗುವದು. ಹೆಸರಿನಲ್ಲಿ ಬಾಯಿಯನ್ನು ಕೊಟ್ಟವರೇ ಮೋರೆಯಲ್ಲಿದ್ದ ಬಾಯಿಯನ್ನು ಕಟ್ಟಿದರು. ಗಂಡಸು ಹೆಚ್ಚು ಮಾತಾಡಿದರೆ ಮಾತುಗಾರ, ಇನ್ನೂ ಹೆಚ್ಚಾದರೆ ವಾಗ್ಮಿ; ಹೆಂಗಸು ಅದರ ಅರ್ಧದಷ್ಟು ಆಡಿದರೂ ಬಾಯಿಬಡಕಿ. ಬಾಯಿ ಸತ್ತವಳೆಂಬದು ಅತ್ತೆಯಂದಿರ ಬಾಯಲ್ಲಿ ಹೊಗಳಿಕೆ! ಒಂದು ಭಾಷೆಯು ಹೀಗೂ ತಕ್ಕಡಿ ಹಿಡಿಯಬಹುದೇ?

ಹಾನಗಲ್ಲ ಎಂಬ ಊರ ಹೆಸರನ್ನು ತಮ್ಮ ಹೆಸರಿನೊಡನೆ ದೇಶಕ್ಕೆಲ್ಲ ಕೇಳಿಸಿದವರು ಗಂಗೂಬಾಯಿಯವರು (೧೯೧೩–೨೦೦೯). ಧಾರವಾಡದಲ್ಲಿ ಹುಟ್ಟಿದ ಇವರ ತಾಯಿ ಅಂಬಾಬಾಯಿಯವರೂ ಗಾಯಕಿ; ಅವರದು ಕರ್ನಾಟಕ ಪದ್ಧತಿ. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಹಾಡಿದಾಗ ಗಂಗೂಬಾಯಿಯವರಿಗೆ ಇನ್ನೂ ಹನ್ನೊಂದು ವರ್ಷ. ಮುಂದೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಹತ್ತಿರ ಕಿರಾಣಾ ಘರಾಣೆಯ ಗಾಯನವನ್ನು ಕಲಿತರು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ದನಿಯು ಗಡಸಾಗಿ ಕೆಳಗಿಳಿಯಿತು. ಬೇರೆ ಯಾರಾದರೂ ಹಾಡುವದನ್ನೇ ಬಿಡುತ್ತಿದ್ದರೋ ಏನೋ; ಅವರು ಆ ದನಿಯನ್ನೇ ತಮ್ಮ ಗುರುತನ್ನಾಗಿ ಮಾಡಿಕೊಂಡರು.

ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುವನು, ಹಿಂದುವಾದರೆ ಪಂಡಿತನಾಗುವನು, ಕೇಸರಬಾಯಿ ಮೋಗೂಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುವರೆಂದು ಅವರು ಒಮ್ಮೆ ನೊಂದು ಆಡಿದ ಮಾತು ಪ್ರಸಿದ್ಧವಾಗಿದೆ. ೨೦೦೨ರಲ್ಲಿ ಪದ್ಮವಿಭೂಷಣವು ಬಂದಿತು. ಆದರೂ ಹೆಸರಿನಲ್ಲಿ ಬಾಯಿ ಇದ್ದಲ್ಲಿಯೇ ಇತ್ತು. ಆ ಹೆಸರನ್ನು ಪುಣೆಯ ಸಭೆಯಲ್ಲಿ ಕೂಗಿದಾಗ ಜನರಿಗೆ ಒಬ್ಬ ಹೆಂಗಸು ಮಾತ್ರ ಕಾಣುತ್ತಿದ್ದಳು. ಹುಬ್ಬಳ್ಳಿಯಲ್ಲಿ ಕೂಗಿದಾಗ ಆ ಹೆಂಗಸೂ ಆಕೆಯ ತೆರೆದ ಬಾಯಿಯೂ ಒಟ್ಟಿಗೆ ಕೇಳಿಸುತ್ತಿದ್ದವು.