ಸವೆದ ಪುಲ್ಲಿಯೂ ತಪ್ಪಿದ ಲೆಕ್ಕವೂ

ಯಂತ್ರಕ್ಕೂ ಬಾಯುಂಟು ಎಂದರೆ ತಾವು ನಗಬಹುದು. ಆದರೆ ಅದು ತನ್ನ ನೋವನ್ನು ಒಮ್ಮೆಲೇ ಕೂಗಿ ಹೇಳುವುದಿಲ್ಲ; ಬಹುಕಾಲ ಗೊಣಗುತ್ತದೆ. ಆ ಗೊಣಗನ್ನು ಕೇಳಿಯೂ ಕೇಳದಂತಿದ್ದ ನನ್ನ ತಪ್ಪೊಂದನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ನಾನು ಕಸುಬು ಕಲಿತದ್ದು ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ, ಹಿರಿಯ ಮೇಸ್ತ್ರಿಯೊಬ್ಬರ ಕೈಕೆಳಗೆ. ಮುಂದೆ ನಂಜನಗೂಡಿನಲ್ಲಿ ಸ್ವಂತ ವರ್ಕ್‌ಷಾಪು ತೆರೆದಾಗ ಅವರು ತಮ್ಮ ಹಳೆಯ ಸರ್ಫೇಸ್ ಗ್ರೈಂಡಿಂಗ್ ಯಂತ್ರವನ್ನು ನನಗೆ ಒಪ್ಪಿಸಿದರು. ರೈತರು ತರುವ ಮೇವು ಕತ್ತರಿಸುವ ಯಂತ್ರದ ಅಲಗುಗಳನ್ನೂ ಕಾರ್ಖಾನೆಗಳ ಡೈಗಳನ್ನೂ ಅದರಲ್ಲಿಯೇ ಸಾಣೆ ಹಿಡಿಯುತ್ತಿದ್ದೆ.

1984ರ ಸುಗ್ಗಿಯ ಕಾಲ. ಕೆಲಸ ಮೇಲಿಂದ ಮೇಲೆ ಬರುತ್ತಿತ್ತು. ಆದರೆ ಉಕ್ಕು ತಾಗಿದೊಡನೆ ಸಾಣೆಕಲ್ಲಿನ ವೇಗ ಕುಗ್ಗುತ್ತಿತ್ತು. ಬೆಲ್ಟು ಜಾರುತ್ತಿದೆಯೆಂದು ಬಗೆದು ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದೆ. ಎರಡು ವಾರ ನಡೆಯಿತು. ಮತ್ತೆ ಬಿಗಿದೆ. ಹೀಗೆ ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಅಲಗಿನ ಮೈಮೇಲೆ ಅಲೆಅಲೆಯಾಗಿ ಗೆರೆಗಳು ಮೂಡತೊಡಗಿದವು.

ಕಡೆಗೆ ಬಿಚ್ಚಿ ನೋಡಿದೆ. ವಿ-ಬೆಲ್ಟು ಪುಲ್ಲಿಯ ತೋಡಿನ ಎರಡು ಪಕ್ಕಗಳನ್ನು ಕಚ್ಚಿ ಓಡಬೇಕು, ತಳವನ್ನು ಮುಟ್ಟಬಾರದು. ನನ್ನ ಪುಲ್ಲಿಗಳ ಪಕ್ಕಗಳು ಸವೆದು, ಬೆಲ್ಟು ತಳಕ್ಕಿಳಿದು, ಆ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಥ ಬೆಲ್ಟನ್ನು ಎಷ್ಟು ಬಿಗಿದರೂ ಜಾರುವುದು ತಪ್ಪದು. ಬಿಗಿದ ಫಲವಾಗಿ ಆದದ್ದು ಬೇರೆ: ಸ್ಪಿಂಡಲು ಸದಾ ಒಂದೇ ಮಗ್ಗುಲಿಗೆ ಜಗ್ಗಿ, ಅದರ ಗನ್‌ಮೆಟಲ್ ಬುಷ್‌ಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು. ಕಾಲವು ಒಂದು ಭಾಗವನ್ನು ಕೆಡಿಸಿದ್ದರೆ ನನ್ನ ಕೈ ಇನ್ನೊಂದನ್ನು ಕೆಡಿಸಿತ್ತು.

ಅಂಗಡಿಯಲ್ಲಿ ಮೋಟಾರಿಗೆ ಬೇಕಾದ 4 ಅಂಗುಲದ ಪುಲ್ಲಿ ಇರಲಿಲ್ಲ, 5 ಅಂಗುಲದ್ದಿತ್ತು. ಕಲ್ಲು ಇನ್ನಷ್ಟು ಚುರುಕಾಗಿ ತಿರುಗಲಿ, ಕೆಲಸವೂ ಬೇಗ ಮುಗಿಯಲಿ ಎಂದು ಅದನ್ನೇ ಕೊಂಡೆ. ಬುಷ್‌ಗಳ ವಿಷಯ ಕೇಳಲು ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ಮೇಸ್ತ್ರಿಗಳು ಬುಷ್‌ಗಳನ್ನು ಕೈಗೆತ್ತಿಕೊಳ್ಳಲಿಲ್ಲ, ಚೀಲದಲ್ಲಿದ್ದ ಪುಲ್ಲಿಯನ್ನೇ ನೋಡಿ, “ಕಲ್ಲಿನ ಮೇಲೆ ಏನು ಬರೆದಿದೆ, ಓದಿದ್ದೀಯೇನಪ್ಪ?” ಎಂದರು.

ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ಮೋಟಾರು ನಿಮಿಷಕ್ಕೆ 1440 ಸುತ್ತು. ಸ್ಪಿಂಡಲಿನ ಪುಲ್ಲಿ 2 ಅಂಗುಲ. ಮೋಟಾರಿನ ಪುಲ್ಲಿ 4 ಅಂಗುಲವಾದರೆ ಕಲ್ಲಿಗೆ 2880 ಸುತ್ತು. 5 ಅಂಗುಲವಾದರೆ 3600. ಕಲ್ಲಿನ ವ್ಯಾಸ 8 ಅಂಗುಲ. ಅದರ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತಿದ್ದುದು 38 ಮೀಟರ್ ಓಡುತ್ತಿತ್ತು. ಕಲ್ಲಿನ ಮೇಲೆ ಅಚ್ಚಾಗಿದ್ದ ಮಿತಿ 33. ಸಿಡಿಸುವ ಬಲವಂತೂ ವೇಗದ ವರ್ಗದಂತೆ ಏರಿ, ಒಂದೂವರೆ ಪಟ್ಟಿಗೂ ಮಿಕ್ಕುತ್ತಿತ್ತು.

“ಕಲ್ಲು ಒಡೆದರೆ ಅದರ ಮುಂದೆ ನಿಂತಿರುವವನು ನಿನ್ನ ಹತ್ತಿರ ಕೆಲಸ ಕಲಿಯುವ ಹುಡುಗ,” ಎಂದು ಅವರು ಮೆಲ್ಲಗೆ ನುಡಿದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಮೂರು ದಿನ ವರ್ಕ್‌ಷಾಪು ಮುಚ್ಚಿದೆ. ಬೀಡುಕಬ್ಬಿಣದಲ್ಲಿ ಮೊದಲಿನ ಅಳತೆಗೇ ಪುಲ್ಲಿಗಳನ್ನು ಲೇತಿನಲ್ಲಿ ಕಡೆದೆ. ಹೊಸ ಬುಷ್‌ಗಳನ್ನು ಕೊರೆದು, ಸ್ಪಿಂಡಲಿಗೆ ನೀಲಿ ಸವರಿ ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಹೆರೆದೆ. ಎಣ್ಣೆಯ ತೆಳುಪೊರೆಗೆ ಮಾತ್ರ ಎಡೆ ಉಳಿಸಿದೆ. ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ಎರಡೂ ಒಂದೇ ನೇರಕ್ಕೆ ಬಂದುವೆಂದು ನೋಡಿಯೇ ಹೊಸ ಬೆಲ್ಟು ಹಾಕಿದೆ. ಕಲ್ಲನ್ನು ಬೆರಳಿಗೆ ತೂಗಿಸಿ ಮರದ ಹಿಡಿಯಿಂದ ತಟ್ಟಿದಾಗ ಗಂಟೆಯಂತೆ ಸ್ವಚ್ಛವಾಗಿ ನುಡಿಯಿತು. ಬಿರುಕಿದ್ದರೆ ಬೋದು ದನಿ ಬರುತ್ತದೆ. ಕಾಪು ಹಾಕಿ, ಪಕ್ಕಕ್ಕೆ ಸರಿದು ನಿಂತು, ಒಂದು ನಿಮಿಷ ಬರಿದೇ ಓಡಿಸಿದೆ. ಆಮೇಲೆಯೇ ಹುಡುಗನನ್ನು ಕರೆದದ್ದು.

ಈಗಿನ ಎಷ್ಟೋ ಯಂತ್ರಗಳಲ್ಲಿ ಗುಂಡಿ ತಿರುಗಿಸಿದರೆ ವೇಗ ಬದಲಾಗುತ್ತದೆ. ಆದರೂ ಕಲ್ಲಿನ ಮೇಲಿನ ಅಂಕಿ ಬದಲಾಗುವುದಿಲ್ಲ. ಬಂಧುಗಳೆ, ಸವೆದದ್ದನ್ನು ಬಿಗಿದು ಓಡಿಸುವುದು ದುರಸ್ತಿಯಲ್ಲ. ಬಿಚ್ಚಿ ನೋಡಿ, ಮೊದಲಿನ ಅಳತೆಗೆ ತರುವುದೇ ದುರಸ್ತಿ. ಕಾಯಕವೆಂದು ಹೇಳಿಕೊಳ್ಳುವವನಿಗೆ ತನ್ನ ಯಂತ್ರದ ಮುಂದೆ ನಿಲ್ಲುವವನ ಮೈಯೂ ತನ್ನ ಹೊಣೆಯೆಂಬುದು ನಾನು ತಡವಾಗಿ ಕಲಿತ ಪಾಠ. ಆ 5 ಅಂಗುಲದ ಪುಲ್ಲಿ ಇಂದಿಗೂ ನನ್ನ ವರ್ಕ್‌ಷಾಪಿನ ಗೋಡೆಯಲ್ಲಿ, ಬಳಸದೆಯೇ, ತೂಗಿದೆ.